ನ್ಯಾಯಾಲಯದ ಮೇಜಿನ ಆಚೆ ಬದಿಯಲ್ಲಿ ನಮ್ಮ ಮಕ್ಕಳೇಕಿಲ್ಲ?

ನ್ಯಾಯಾಲಯವೆಂಬುದು ನಮ್ಮ ಹೆಚ್ಚಿನ ಕುಟುಂಬಗಳಿಗೆ ಒಂದೇ ಬದಿಯಿಂದ ಪರಿಚಿತವಾದ ಸ್ಥಳ. ಆರೋಪಿಯಾಗಿ, ಫಿರ್ಯಾದಿಯಾಗಿ, ಸಾಕ್ಷಿಯಾಗಿ, ಜಾಮೀನುದಾರರಾಗಿ ನಾವು ಅದರ ಮೆಟ್ಟಿಲು ಹತ್ತುತ್ತೇವೆ. ಜೀವನಾಂಶದ ಅರ್ಜಿ ಹಾಕಿದ ಮಗಳ ಜೊತೆಗೆ ಬಂದ ತಂದೆಯಾಗಿ, ಜೈಲಿನಲ್ಲಿರುವ ಮಗನಿಗಾಗಿ ಕಾದು ನಿಂತ ತಾಯಿಯಾಗಿ ಅದರ ಜಗಲಿಯಲ್ಲಿ ದಿನ ಕಳೆಯುತ್ತೇವೆ. ವಾಯಿದೆಯ ದಿನ ಅಂಗಡಿ ಮುಚ್ಚಿ ಬರುತ್ತೇವೆ. ಮುಂದಿನ ವಾಯಿದೆಯ ತಾರೀಖು ಕೇಳಿಕೊಂಡು ಮರಳುತ್ತೇವೆ. ಆ ತಾರೀಖನ್ನು ಬರೆದುಕೊಟ್ಟವರು ಯಾರು, ಕಡತವನ್ನು ಕಪಾಟಿನಿಂದ ತೆಗೆದವರು ಯಾರು, ಸಾಕ್ಷಿ ನುಡಿದದ್ದನ್ನು ಬೆರಳಚ್ಚು ಮಾಡಿದವರು ಯಾರು ಎಂದು ವಿಚಾರಿಸುವ ವ್ಯವಧಾನ ನಮಗಿಲ್ಲ. ಮೇಜಿನ ಈಚೆ ನಿಲ್ಲುವುದು ನಮಗೆ ಅಭ್ಯಾಸವಾಗಿದೆ. ಆಚೆ ಕುಳಿತುಕೊಳ್ಳುವ ಅರ್ಹತೆಯನ್ನು ನಮ್ಮ ಮಕ್ಕಳು ಸಂಪಾದಿಸಬಹುದೆಂಬ ಯೋಚನೆಯೇ ನಮಗೆ ಬರುವುದಿಲ್ಲ.

ಅನ್ಯಾಯದ ಕುರಿತು ನಾವು ಬಹಳ ಮಾತನಾಡುತ್ತೇವೆ. ವರ್ಷಗಟ್ಟಲೆ ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆತವರ ಬಗ್ಗೆ ಸಭೆಗಳಲ್ಲಿ ಕಣ್ಣೀರು ಹರಿಯುತ್ತದೆ, ನಿಧಿ ಸಂಗ್ರಹವಾಗುತ್ತದೆ, ದೊಡ್ಡ ವಕೀಲರನ್ನು ನೇಮಿಸಲಾಗುತ್ತದೆ. ಇವೆಲ್ಲ ಬೇಕಾದುವೇ. ಆದರೆ ನ್ಯಾಯವು ನ್ಯಾಯಾಧೀಶರ ತೀರ್ಪಿನಿಂದ ಮತ್ತು ವಕೀಲರ ವಾದದಿಂದ ಮಾತ್ರ ಸಿಗುವುದಿಲ್ಲ. ಅರ್ಜಿ ದಾಖಲಾಗುವ ದಿನದಿಂದ ಆದೇಶ ಜಾರಿಯಾಗುವ ದಿನದವರೆಗೆ ಪ್ರಕರಣವನ್ನು ಹೊತ್ತು ನಡೆಸುವ ಗುಮಾಸ್ತ, ಬೆರಳಚ್ಚುಗಾರ, ಶೀಘ್ರಲಿಪಿಗಾರ, ಆದೇಶ ಜಾರಿಕಾರ ಹಾಗೂ ಕಾನೂನು ಸೇವಾ ಕಚೇರಿಯ ಸಿಬ್ಬಂದಿಯ ಕೈಯಲ್ಲೂ ಅದರ ಒಂದು ಪಾಲು ಇದೆ. ಆ ಕೈ ಚುರುಕಾಗಿದ್ದರೆ ಬಡವನಿಗೆ ನ್ಯಾಯ ಹತ್ತಿರವಾಗುತ್ತದೆ. ಆ ಕೈ ಮೈಮರೆತರೆ ಎಂತಹ ಒಳ್ಳೆಯ ಕಾನೂನೂ ಕಾಗದದ ಮೇಲೆಯೇ ಉಳಿಯುತ್ತದೆ.

ಇದು ಉತ್ಪ್ರೇಕ್ಷೆಯೆಂದು ಭಾವಿಸುವವರು ನಮ್ಮ ದೇಶದ ಒಂದು ಪ್ರಖ್ಯಾತ ಮೊಕದ್ದಮೆಯನ್ನು ನೆನಪಿಸಿಕೊಳ್ಳಬೇಕು. 1979ರಲ್ಲಿ ಬಿಹಾರದ ಜೈಲುಗಳಲ್ಲಿದ್ದ ವಿಚಾರಣಾಧೀನ ಕೈದಿಗಳ ಸ್ಥಿತಿಯ ಕುರಿತು ಪತ್ರಿಕೆಯೊಂದರಲ್ಲಿ ವರದಿಗಳು ಪ್ರಕಟವಾದುವು. ಅವುಗಳ ಆಧಾರದಲ್ಲಿ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆ ಕೈದಿಗಳಲ್ಲಿ ಒಬ್ಬರಾಗಿದ್ದ ಹುಸೈನಾರ ಖಾತೂನ್ ಅವರ ಹೆಸರಿನಿಂದಲೇ ಆ ಪ್ರಕರಣ ಇಂದಿಗೂ ಗುರುತಿಸಲ್ಪಡುತ್ತಿದೆ. ಅಪರಾಧ ಸಾಬೀತಾಗಿದ್ದರೂ ವಿಧಿಸಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲವನ್ನು ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಕಳೆದವರು ಅಲ್ಲಿದ್ದರು. ಯಾವ ಅಪರಾಧವನ್ನೂ ಮಾಡದೆ, ಸಾಕ್ಷಿಗಳೆಂದು ಅಥವಾ ದೌರ್ಜನ್ಯಕ್ಕೆ ಒಳಗಾದವರೆಂದು ‘ರಕ್ಷಣೆ’ಯ ಹೆಸರಿನಲ್ಲಿ ಬಂಧಿಸಲ್ಪಟ್ಟ ಮಹಿಳೆಯರೂ ಇದ್ದರು. ಶೀಘ್ರ ವಿಚಾರಣೆಯು ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿರುವ ಹಕ್ಕು ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ಸಾರಿತು. ಬಡ ಆರೋಪಿಗೆ ಉಚಿತ ಕಾನೂನು ನೆರವು ನೀಡಬೇಕಾದುದು ಸರಕಾರದ ಹೊಣೆ ಎಂದಿತು.

ಆ ಕೈದಿಗಳನ್ನು ಅಷ್ಟು ವರ್ಷ ಜೈಲಿನಲ್ಲಿಟ್ಟದ್ದು ಯಾವ ತೀರ್ಪು? ಯಾವ ತೀರ್ಪೂ ಅಲ್ಲ. ಅವರು ಎಂದು ಬಂಧಿತರಾದರು, ಯಾವ ಕಲಮಿನಡಿ ಬಂಧಿತರಾದರು, ಎಷ್ಟು ದಿನ ಕಳೆಯಿತು, ಮುಂದಿನ ವಿಚಾರಣೆ ಯಾವಾಗ ಎಂದು ಲೆಕ್ಕವಿಟ್ಟು ನ್ಯಾಯಾಧೀಶರ ಮುಂದಿಡುವವರು ಇರಲಿಲ್ಲ. ಬಡವರ ಕಡತಗಳು ಧೂಳಿನಡಿ ಮಲಗಿದ್ದುವು. ಪ್ರಕರಣ ನಿರ್ವಹಣೆಯೆಂದು ಇಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ಅಭಾವವೇ ಅಲ್ಲಿನ ಸೆರೆಮನೆಯ ಬೀಗವಾಗಿತ್ತು.

ಅಂದಿನಿಂದ ಕಾನೂನು ಬಹಳ ಮುಂದೆ ಬಂದಿದೆ. 1976ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 39ಎ ವಿಧಿಯ ಆಶಯದಂತೆ 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ರೂಪುಗೊಂಡು 1995ರ ನವೆಂಬರ್ 9ರಂದು ಜಾರಿಗೆ ಬಂತು. ಇಂದು ಜಿಲ್ಲೆಗೊಂದು ಪ್ರಾಧಿಕಾರ, ತಾಲೂಕಿಗೊಂದು ಸಮಿತಿ ಇವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು ಮತ್ತು ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಪಡೆಯಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಕಳೆದಿದ್ದರೆ ಅವನನ್ನು ಬಿಡುಗಡೆ ಮಾಡಬೇಕೆನ್ನುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿರುವವರಿಗೂ ದೊರೆಯದು. ಅವಧಿ ಮುಗಿದೊಡನೆ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವುದು ಜೈಲು ಅಧೀಕ್ಷಕರ ಕರ್ತವ್ಯವೆಂದೂ ಅದೇ ಕಲಮು ಹೇಳುತ್ತದೆ. ಆದರೆ ದಿನಗಳನ್ನು ಎಣಿಸಿ, ಕಡತ ಹುಡುಕಿ, ಅರ್ಜಿ ಬರೆದು ಕಳುಹಿಸುವವನು ಒಬ್ಬ ಮನುಷ್ಯನೇ ತಾನೆ? ಆ ಮನುಷ್ಯ ನಮ್ಮ ಮಗನೋ ಮಗಳೋ ಆಗಬಾರದೇಕೆ?

ಈ ಉದ್ಯೋಗದ ಸ್ವರೂಪವನ್ನು ನಾವು ಸರಿಯಾಗಿ ತಿಳಿದುಕೊಳ್ಳಬೇಕಾಗಿದೆ. ದೇಶದ ಜಿಲ್ಲಾ ಮತ್ತು ಕೆಳಹಂತದ ನ್ಯಾಯಾಲಯಗಳಲ್ಲಿ ನಾಲ್ಕು ಕೋಟಿಗೂ ಅಧಿಕ ಪ್ರಕರಣಗಳು ಬಾಕಿಯಿವೆ. ಹೊಸ ದಾವೆಯೊಂದು ಬಂದಾಗ ಅದರ ಲೋಪದೋಷಗಳನ್ನು ಪರಿಶೀಲಿಸಿ, ಗಣಕಯಂತ್ರದಲ್ಲಿ ದಾಖಲಿಸಿ, 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ದೊರೆಯುವಂತೆ ಮಾಡುವುದು ಸಿಬ್ಬಂದಿಯ ಕೆಲಸ. ಆ ಸಂಖ್ಯೆಯಿದ್ದರೆ ಕಕ್ಷಿದಾರನು ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ತನ್ನ ಪ್ರಕರಣದ ಸ್ಥಿತಿಯನ್ನು ನೋಡಬಲ್ಲನು. ದಾಖಲಿಸುವಾಗ ಹೆಸರಿನ ಒಂದಕ್ಷರ ತಪ್ಪಿದರೆ ಅದೇ ಕಕ್ಷಿದಾರ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ನಕಲು ವಿಭಾಗವನ್ನೇ ನೋಡಿ. ಜಿಲ್ಲಾ ನ್ಯಾಯಾಲಯದ ಸಿವಿಲ್ ಡಿಕ್ರಿಯ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 90 ದಿನ, ಕೆಳಗಿನ ನ್ಯಾಯಾಲಯದಿಂದ ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ ಕಾಲಾವಕಾಶವಿದೆ. ತೀರ್ಪಿನ ಪ್ರಮಾಣೀಕೃತ ನಕಲನ್ನು ಪಡೆಯಲು ತಗಲಿದ ದಿನಗಳನ್ನು 1963ರ ಕಾಲಮಿತಿ ಕಾಯಿದೆಯು ಈ ಲೆಕ್ಕದಿಂದ ಹೊರಗಿಡುತ್ತದೆ. ಅಂದರೆ ಅರ್ಜಿ ಬಂದ ತಾರೀಖನ್ನೂ ನಕಲು ಸಿದ್ಧವಾದ ತಾರೀಖನ್ನೂ ಗುಮಾಸ್ತನು ನಕಲಿನ ಮೇಲೆ ಸರಿಯಾಗಿ ಬರೆಯಬೇಕು. ಆ ಎರಡು ತಾರೀಖುಗಳ ಮೇಲೆ ಒಂದು ಕುಟುಂಬದ ಮನೆ-ಜಮೀನಿನ ಭವಿಷ್ಯ ನಿಂತಿರುತ್ತದೆ. ಆದೇಶ ಜಾರಿಕಾರನ ಹೊಣೆಯೂ ಸಣ್ಣದಲ್ಲ. ಅವನು ಬಾಗಿಲ ತನಕ ಹೋಗದೆಯೇ ‘ವಿಳಾಸದಲ್ಲಿ ಇಲ್ಲ’ ಎಂದು ಬರೆದರೆ ಸಮನ್ಸು ಮರಳುತ್ತದೆ, ವಾಯಿದೆ ಮುಂದೆ ಹೋಗುತ್ತದೆ. ಜೀವನಾಂಶಕ್ಕಾಗಿ ಕಾದಿರುವ ಹೆಣ್ಣುಮಗಳು ಮತ್ತಷ್ಟು ದಿನ ಸಾಲ ಮಾಡಿ ಒಲೆ ಉರಿಸುತ್ತಾಳೆ.

ಹಾಗಾದರೆ ಈ ಹುದ್ದೆಗಳಿಗೆ ಬೇಕಾದ ಅರ್ಹತೆಯೇನು? ನಾವು ಊಹಿಸಿಕೊಂಡಷ್ಟು ಅದು ದೂರದಲ್ಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಕನ್ನಡ ಓದು-ಬರಹ ಬಲ್ಲವರು ಆದೇಶ ಜಾರಿಕಾರ ಹುದ್ದೆಗೆ ಪ್ರಯತ್ನಿಸಬಹುದು. ಬೆರಳಚ್ಚುಗಾರ ಹುದ್ದೆಗೆ ಪಿಯುಸಿ ಅಥವಾ ವಾಣಿಜ್ಯ ಪ್ರಾಯೋಗಿಕದ ಡಿಪ್ಲೊಮಾ, ಜೊತೆಗೆ ಕನ್ನಡ ಮತ್ತು ಇಂಗ್ಲಿಷ್ ಬೆರಳಚ್ಚಿನಲ್ಲಿ ಹಿರಿಯ ದರ್ಜೆಯ ಪರೀಕ್ಷೆಯ ತೇರ್ಗಡೆ ಬೇಕು. ಶೀಘ್ರಲಿಪಿಗಾರರಿಗೆ ಇದರೊಂದಿಗೆ ಎರಡೂ ಭಾಷೆಗಳ ಶೀಘ್ರಲಿಪಿಯೂ ಬೇಕು. ರಾಜ್ಯ ಸರಕಾರದ ನೇಮಕಾತಿಗಳಲ್ಲಿ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಸಾಮಾನ್ಯವಾಗಿ ಪಿಯುಸಿ, ಪ್ರಥಮ ದರ್ಜೆಗೆ ಪದವಿ ಕೇಳುತ್ತಾರೆ. ಜಿಲ್ಲಾ ನ್ಯಾಯಾಲಯಗಳ ಸಿಬ್ಬಂದಿ ನೇಮಕಾತಿಗೆ ಆಯಾ ಜಿಲ್ಲಾ ನ್ಯಾಯಾಲಯವೇ ಅಧಿಸೂಚನೆ ಹೊರಡಿಸುತ್ತದೆ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ಆದ್ದರಿಂದ ನೆರೆಮನೆಯವರ ಮಾತನ್ನು ನಂಬದೆ ಅಧಿಸೂಚನೆಯನ್ನೇ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಕು. ಸೇರಿದವರು ಸೇರಿದಲ್ಲಿಯೇ ಉಳಿಯಬೇಕೆಂದೇನೂ ಇಲ್ಲ. ಸೇವಾ ಹಿರಿತನದ ಮೇಲೆ ಶಿರಸ್ತೇದಾರ ಹುದ್ದೆಯವರೆಗೆ ಬಡ್ತಿ ಪಡೆದವರಿದ್ದಾರೆ. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರಕಾರಿ ನೌಕರರ ಕನಿಷ್ಠ ಮೂಲ ವೇತನ 27,000 ರೂಪಾಯಿಗಳಿಗೆ ಏರಿದೆ ಎಂಬುದನ್ನೂ ಗಮನಿಸಬೇಕು.

ಕಾನೂನು ನೆರವಿನ ಕ್ಷೇತ್ರದಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ಬಡ ಆರೋಪಿಗಳ ಪರವಾಗಿ ಪೂರ್ಣಾವಧಿ ವಕೀಲರ ಕಚೇರಿಯನ್ನು ನಡೆಸುವ ಯೋಜನೆಯನ್ನು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2022ರಲ್ಲಿ ರೂಪಿಸಿ ಜಿಲ್ಲೆಗಳಿಗೆ ವಿಸ್ತರಿಸಿತು. ಮುಖ್ಯ ವಕೀಲರಿಗೆ ಕನಿಷ್ಠ 10 ವರ್ಷ, ಉಪ ಮುಖ್ಯ ವಕೀಲರಿಗೆ 7 ವರ್ಷ ಕ್ರಿಮಿನಲ್ ವಕೀಲಿಯ ಅನುಭವ ಬೇಕು. ಆದರೆ ಸಹಾಯಕ ವಕೀಲರ ಹುದ್ದೆಗೆ ಸೊನ್ನೆಯಿಂದ ಮೂರು ವರ್ಷದ ಅನುಭವವಿರುವ ಹೊಸಬರನ್ನೇ ತೆಗೆದುಕೊಳ್ಳುತ್ತಾರೆ. ಅದೇ ಕಚೇರಿಯಲ್ಲಿ ಪದವೀಧರರಿಗೆ ಕಚೇರಿ ಸಹಾಯಕ, ಸ್ವಾಗತಕಾರ ಮತ್ತು ದತ್ತಾಂಶ ನಮೂದು ಹುದ್ದೆಗಳಿವೆ. ಅಲ್ಲಿ ಗಣಕಯಂತ್ರ ಜ್ಞಾನವನ್ನೂ ಕಡತಗಳನ್ನು ಅಚ್ಚುಕಟ್ಟಾಗಿ ನಿರ್ವಹಿಸುವ ಸಾಮರ್ಥ್ಯವನ್ನೂ ನೋಡುತ್ತಾರೆ. ಇವು ಗುತ್ತಿಗೆ ಆಧಾರದ ಹುದ್ದೆಗಳು, ಖಾಯಂ ನೌಕರಿಯಲ್ಲವೆಂಬುದನ್ನು ತಿಳಿದೇ ಸೇರಬೇಕು. ಅರೆಕಾನೂನು ಸ್ವಯಂಸೇವಕರ ಯೋಜನೆ 2009ರಿಂದ ಇದೆ. ಅದು ಗೌರವಧನದ ಸೇವೆಯೇ ಹೊರತು ಸಂಬಳದ ಉದ್ಯೋಗವಲ್ಲ. ಆದರೂ ಕಾನೂನಿನ ಲೋಕವನ್ನು ಒಳಗಿನಿಂದ ನೋಡಬಯಸುವ ಯುವಕ-ಯುವತಿಯರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಕಾನೂನು ಪದವಿ ಪಡೆದವರ ಮುಂದೆ ಸಹಾಯಕ ಸರಕಾರಿ ಅಭಿಯೋಜಕರ ಸ್ಪರ್ಧಾತ್ಮಕ ಪರೀಕ್ಷೆಯೂ ಇದೆ. ಸಿವಿಲ್ ನ್ಯಾಯಾಧೀಶರಾಗಬಯಸುವವರಿಗೆ ಕನಿಷ್ಠ ಮೂರು ವರ್ಷಗಳ ವಕೀಲಿ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಆ ಮೂರು ವರ್ಷಗಳನ್ನು ಅರ್ಥಪೂರ್ಣವಾಗಿ ಕಳೆಯಲು ಕಾನೂನು ನೆರವಿನ ಕಚೇರಿ ಒಳ್ಳೆಯ ಜಾಗ.

ಹೀಗಿರುವಾಗ ನಮ್ಮನ್ನು ತಡೆಯುತ್ತಿರುವುದು ಯಾವುದು? ಮೊದಲನೆಯದು ಭಾಷೆ. ನಮ್ಮ ರಾಜ್ಯದ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ಸಾಕ್ಷಿಯ ಹೇಳಿಕೆಯನ್ನು ಕನ್ನಡದಲ್ಲಿ ಬರೆಯಬೇಕು, ಸಮನ್ಸನ್ನು ಕನ್ನಡದಲ್ಲಿ ಓದಿ ಹೇಳಬೇಕು. ಮನೆಯಲ್ಲಿ ಉರ್ದುವೋ ಬ್ಯಾರಿಯೋ ನವಾಯತಿಯೋ ಆಡುವ ನಮ್ಮ ಮಕ್ಕಳನ್ನು ಕನ್ನಡದ ಗಟ್ಟಿ ತಳಪಾಯವಿಲ್ಲದೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತೇವೆ. ಅಲ್ಲಿ ಕನ್ನಡವು ಅಂಕ ಗಳಿಸಿ ಮರೆಯುವ ವಿಷಯವಾಗುತ್ತದೆ. ಹತ್ತು ಸಾಲಿನ ಅರ್ಜಿಯನ್ನು ಕಾಗುಣಿತ ತಪ್ಪಿಲ್ಲದೆ ಬರೆಯಲಾಗದ ಪದವೀಧರನು ಪರೀಕ್ಷೆಯಲ್ಲಿ ಸೋತರೆ ಅದಕ್ಕೆ ಪಕ್ಷಪಾತವೆಂದು ಹೆಸರಿಡಲಾದೀತೇ? ಸೋಜಿಗದ ವಿಷಯವೆಂದರೆ ನ್ಯಾಯಾಲಯದ ಕನ್ನಡವೇ ನಮ್ಮ ಮಕ್ಕಳಿಗೆ ಅಷ್ಟೊಂದು ಅಪರಿಚಿತವಲ್ಲ. ವಕಾಲತ್ತು, ಜಾಮೀನು, ಅರ್ಜಿ, ದಾವೆ, ನಕಲು, ತಾರೀಖು, ವಾಯಿದೆ ಎಲ್ಲವೂ ಅರಬಿ ಮೂಲದಿಂದ ಬಂದು ಕನ್ನಡವೇ ಆಗಿಹೋದ ಶಬ್ದಗಳು.

ಎರಡನೆಯದು ತಾಳ್ಮೆ. ಹಿರಿಯ ದರ್ಜೆಯ ಬೆರಳಚ್ಚು ಒಂದು ವಾರದಲ್ಲಿ ಬರುವ ವಿದ್ಯೆಯಲ್ಲ. ದಿನಕ್ಕೆ ಒಂದು ತಾಸಿನಂತೆ ತಿಂಗಳುಗಟ್ಟಲೆ ಕುಳಿತು ಬೆರಳುಗಳನ್ನು ಪಳಗಿಸಬೇಕು. ಶೀಘ್ರಲಿಪಿಗೆ ಇನ್ನೂ ಹೆಚ್ಚಿನ ಸಾಧನೆ ಬೇಕು. ಪುಟಗಟ್ಟಲೆ ಕಂಠಪಾಠ ಮಾಡಿ ಒಂದು ಸ್ವರವೂ ತಪ್ಪದಂತೆ ಒಪ್ಪಿಸುವ ಶಿಸ್ತನ್ನು ಮದ್ರಸದ ಮಕ್ಕಳು ಬಾಲ್ಯದಲ್ಲಿಯೇ ಕಲಿಯುತ್ತಾರೆ. ಆ ಶಿಸ್ತು ಇಲ್ಲಿಗೆ ನೇರವಾಗಿ ಉಪಯೋಗವಾಗುವಂಥದ್ದು. ಆದರೆ ಮದ್ರಸದ ಸನದೊಂದೇ ಈ ಹುದ್ದೆಗಳಿಗೆ ಸಾಲದು. ಎಸ್ಸೆಸ್ಸೆಲ್ಸಿ, ಪಿಯುಸಿ ಅಥವಾ ರಾಷ್ಟ್ರೀಯ ಮುಕ್ತ ಶಾಲೆಯ ಸಮಾನ ಪರೀಕ್ಷೆಗಳನ್ನು ಜೊತೆಜೊತೆಗೆ ಮುಗಿಸುವ ವ್ಯವಸ್ಥೆಯನ್ನು ನಮ್ಮ ದೀನೀ ಸಂಸ್ಥೆಗಳು ಕಡ್ಡಾಯವಾಗಿ ಮಾಡಬೇಕಾಗಿದೆ.

ಮೂರನೆಯದು ಕಾಗದಪತ್ರಗಳಲ್ಲಿನ ನಮ್ಮ ಅಸಡ್ಡೆ. ಅಂಕಪಟ್ಟಿಯಲ್ಲಿ ‘ಮುಹಮ್ಮದ್’, ಆಧಾರ್‌ನಲ್ಲಿ ‘ಮೊಹಮ್ಮದ್’, ಜಾತಿ ಪ್ರಮಾಣ ಪತ್ರದಲ್ಲಿ ಬರೀ ‘ಎಂ.ಡಿ.’, ತಂದೆಯ ಹೆಸರು ಒಂದೆಡೆ ‘ಅಬ್ದುಲ್ ಖಾದರ್’, ಇನ್ನೊಂದೆಡೆ ‘ಕಾದರ್ ಸಾಬ್’. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಇದರಿಂದ ಎಷ್ಟು ಅವಕಾಶಗಳು ಕೈತಪ್ಪಿಲ್ಲ! ಶಾಲೆಗೆ ಸೇರಿಸುವ ದಿನವೇ ಹೆಸರನ್ನು ಒಂದೇ ರೀತಿಯಲ್ಲಿ ಬರೆಸುವುದಕ್ಕೆ ಖರ್ಚೇನೂ ಇಲ್ಲ. ಮೀಸಲಾತಿಯ ವಿಷಯವೂ ಹೀಗೆಯೇ. ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗಿದ್ದ ಶೇ. 4 ಮೀಸಲಾತಿಯನ್ನು ರದ್ದುಪಡಿಸಲು 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ ತೀರ್ಮಾನಿಸಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾದಾಗ, ಸದ್ಯ ಆ ತೀರ್ಮಾನದಂತೆ ನಡೆಯುವುದಿಲ್ಲವೆಂದು ಸರಕಾರವೇ ನ್ಯಾಯಾಲಯಕ್ಕೆ ತಿಳಿಸಿದ್ದರಿಂದ ಹಳೆಯ ವ್ಯವಸ್ಥೆಯೇ ಮುಂದುವರಿಯಿತು. ಆ ದಿನಗಳಲ್ಲಿ ಬೀದಿಗಿಳಿದು ಪ್ರತಿಭಟಿಸಿದ ನಾವು ಅದರ ಪ್ರಯೋಜನ ಪಡೆಯಲು ಬೇಕಾದ ಜಾತಿ ಮತ್ತು ಆದಾಯ ಪ್ರಮಾಣ ಪತ್ರವನ್ನು ಎಷ್ಟು ಮನೆಗಳಲ್ಲಿ ಸಿದ್ಧವಾಗಿಟ್ಟಿದ್ದೇವೆ? ನದಾಫ್, ಪಿಂಜಾರರಂತಹ ಸಮುದಾಯಗಳು ಪ್ರವರ್ಗ 1ರಲ್ಲಿವೆ ಎಂಬುದು ಆ ಸಮುದಾಯಗಳ ಎಷ್ಟೋ ಮನೆಗಳಿಗೇ ತಿಳಿದಿಲ್ಲ. ಅರ್ಜಿಯ ಕೊನೆಯ ದಿನ ತಹಶೀಲ್ದಾರರ ಕಚೇರಿಗೆ ಓಡುವವನಿಗೆ ಯಾವ ಮೀಸಲಾತಿಯೂ ನೆರವಾಗದು.

ನಾಲ್ಕನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು ನಮ್ಮ ನಿರಾಶೆ. ‘ನಮಗೆ ಯಾರು ಕೊಡುತ್ತಾರೆ?’ ಎಂಬ ಒಂದು ಮಾತು ಎಷ್ಟು ಮಕ್ಕಳ ಕಾಲಿಗೆ ಸಂಕೋಲೆಯಾಗಿದೆಯೋ ಲೆಕ್ಕವಿಲ್ಲ. ಸರಕಾರಿ ಉದ್ಯೋಗಗಳಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಕಡಿಮೆಯೆಂದು 2006ರಲ್ಲಿ ಸಾಚಾರ್ ಸಮಿತಿ ದಾಖಲಿಸಿತು. ತಾರತಮ್ಯ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅರ್ಜಿಯನ್ನೇ ಹಾಕದವನು ತಾರತಮ್ಯಕ್ಕೆ ಒಳಗಾದೆನೆಂದು ಹೇಗೆ ಸಾಬೀತುಪಡಿಸಬಲ್ಲನು? ಇನ್ನು ಕೆಲವರು, ಲಕ್ಷಗಟ್ಟಲೆ ಲಂಚವಿಲ್ಲದೆ ಕೆಲಸ ಸಿಗದೆಂದು ಮೊದಲೇ ತೀರ್ಮಾನಿಸಿ ದಲ್ಲಾಳಿಗಳ ಮನೆ ಹುಡುಕುತ್ತಾರೆ. ರಾಜ್ಯದ 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯ ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾದುದನ್ನು ಇವರು ಮರೆಯಬಾರದು. ಅಡ್ಡದಾರಿ ಹಿಡಿದವರು ಪೊಲೀಸ್ ಠಾಣೆಗೆ ಅಧಿಕಾರಿಗಳಾಗಿ ಹೋಗುವ ಬದಲು ಆರೋಪಿಗಳಾಗಿ ಹೋದರು. ಪ್ರಾಮಾಣಿಕವಾಗಿ ಓದಿ ಬರೆದವರೂ ಅವರಿಂದಾಗಿ ವರ್ಷಗಟ್ಟಲೆ ಕಾಯಬೇಕಾಯಿತು.

ನಮ್ಮ ಹೆಣ್ಣುಮಕ್ಕಳ ಕುರಿತು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮನೆಯಲ್ಲಿ ಚೆನ್ನಾಗಿ ಓದುವವಳು ಮಗಳಾಗಿದ್ದರೂ ಪಿಯುಸಿಯ ನಂತರ ಅವಳ ಓದಿಗೆ ಮದುವೆಯ ಗೊತ್ತುವಳಿಯೇ ಪೂರ್ಣವಿರಾಮವಾಗುವುದನ್ನು ಕಾಣುತ್ತೇವೆ. ನ್ಯಾಯಾಲಯದ ಕಚೇರಿ ಕೆಲಸಕ್ಕೆ ನಿಶ್ಚಿತ ಸಮಯವಿದೆ, ಗೌರವವಿದೆ. ರಾಜ್ಯ ಸರಕಾರದ ನೇಮಕಾತಿಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಮೀಸಲಾತಿಯೂ ಇದೆ. ಕೌಟುಂಬಿಕ ನ್ಯಾಯಾಲಯಕ್ಕೆ, ಕಾನೂನು ಸೇವಾ ಸಮಿತಿಗೆ ಬರುವ ನೊಂದ ಹೆಂಗಸು ತನ್ನ ಕಷ್ಟವನ್ನು ಹೇಳಿಕೊಳ್ಳಲು ಹಿಂಜರಿದು ನಿಂತಾಗ, ಮೇಜಿನ ಆಚೆಯಿಂದ ‘ಬನ್ನಿ ಅಮ್ಮಾ, ಕುಳಿತುಕೊಳ್ಳಿ’ ಎನ್ನುವ ಒಂದು ಹೆಣ್ಣುದನಿಯ ಬೆಲೆ ಎಷ್ಟೆಂದು ಆ ಹೆಂಗಸಿಗೆ ಗೊತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಮ್ಮವನೊಬ್ಬ ಕಚೇರಿ ಸೇರಿದೊಡನೆ ಅವನು ‘ನಮ್ಮ ಕೆಲಸ’ ಮಾಡಿಕೊಡಬೇಕೆಂದು ನಿರೀಕ್ಷಿಸುವ ಕೆಟ್ಟ ರೂಢಿ ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮಲ್ಲೂ ಇದೆ. ಕಡತ ಮುಂದೂಡಿಸು, ಎದುರಾಳಿಯ ಕಾಗದದಲ್ಲಿ ಏನಿದೆ ನೋಡಿ ಹೇಳು, ನಮ್ಮ ಅರ್ಜಿಯನ್ನು ಮೇಲಿಡು ಎಂಬ ಒತ್ತಡ ಮನೆಯೊಳಗಿನಿಂದಲೇ ಆರಂಭವಾಗುತ್ತದೆ. ಅಂತಹ ಉದ್ದೇಶದಿಂದ ಮಕ್ಕಳನ್ನು ಅಲ್ಲಿಗೆ ಕಳುಹಿಸುವುದಾದರೆ ಕಳುಹಿಸದಿರುವುದೇ ಲೇಸು. ನ್ಯಾಯಾಲಯದ ಆದೇಶ ಜಾರಿ ಮಾಡುವವನನ್ನು ನಮ್ಮ ಹಿರಿಯರು ‘ಅಮೀನ’ ಎಂದು ಕರೆಯುತ್ತಿದ್ದರು. ಅರಬಿಯಲ್ಲಿ ಆ ಪದದ ಅರ್ಥ ವಿಶ್ವಾಸಪಾತ್ರ. ಅಮಾನತ್ತು ಎಂಬ ಪದವೂ ಅದೇ ಬೇರಿನದು. ಜನರ ಕಡತವು ಸಿಬ್ಬಂದಿಯ ಕೈಯಲ್ಲಿರುವ ಅಮಾನತ್ತು. ಸ್ವಂತ ಬಂಧುಗಳಿಗೆ ಪ್ರತಿಕೂಲವಾದರೂ ನ್ಯಾಯದ ಪಕ್ಷದಲ್ಲಿಯೇ ನಿಲ್ಲಬೇಕೆಂದು ಕಲಿತು ಬೆಳೆದವರಿಗೆ ಹಿಂದೂ, ಮುಸ್ಲಿಮ್, ಕ್ರೈಸ್ತ ಕಕ್ಷಿದಾರರೆಂಬ ಭೇದವಿರಕೂಡದು. ನಮ್ಮ ಹುಡುಗನ ಮೇಜಿನ ಮುಂದೆ ಬಂದ ದಲಿತ ವೃದ್ಧೆಯ ಅರ್ಜಿಯು ಒಂದು ರೂಪಾಯಿಯನ್ನೂ ತೆರದೆ, ಒಂದು ದಿನವೂ ತಡವಾಗದೆ ಮುಂದೆ ಹೋದರೆ, ಸಮುದಾಯದ ಪರವಾಗಿ ಅದಕ್ಕಿಂತ ಉತ್ತಮವಾದ ಭಾಷಣವನ್ನು ಯಾರೂ ಮಾಡಲಾರರು.

ನಮ್ಮ ಜಮಾಅತ್‌ಗಳು ಈ ದಿಸೆಯಲ್ಲಿ ಮಾಡಬಹುದಾದ ಕೆಲಸಗಳು ದುಬಾರಿಯಾದುವೇನಲ್ಲ. ಮಸೀದಿಯ ಸೂಚನಾ ಫಲಕದಲ್ಲಿ ನೇಮಕಾತಿ ಅಧಿಸೂಚನೆಗಳನ್ನು ಅಂಟಿಸಿ, ಶುಕ್ರವಾರ ಅವುಗಳ ಕೊನೆಯ ದಿನಾಂಕವನ್ನು ಪ್ರಕಟಿಸಬಹುದು. ಮದ್ರಸದ ಕೊಠಡಿಯಲ್ಲಿ ಸಂಜೆ ಹೊತ್ತು ನಾಲ್ಕು ಗಣಕಯಂತ್ರಗಳನ್ನಿಟ್ಟು ಕನ್ನಡ ಬೆರಳಚ್ಚಿನ ತರಗತಿ ನಡೆಸಬಹುದು. ನಿವೃತ್ತ ಶಿರಸ್ತೇದಾರರೊಬ್ಬರನ್ನು, ಅವರು ಯಾವ ಸಮುದಾಯದವರೇ ಆಗಿರಲಿ, ಕರೆಸಿ ಮಕ್ಕಳಿಗೆ ಕೆಲಸದ ಪರಿಚಯ ಮಾಡಿಸಬಹುದು. ಮದುವೆ ಮಂಟಪದ ಅಲಂಕಾರಕ್ಕೆ ಸುರಿಯುವ ಹಣದ ಒಂದಂಶದಲ್ಲಿ ಹತ್ತು ಮಕ್ಕಳ ಪರೀಕ್ಷಾ ಶುಲ್ಕ ಕಟ್ಟಬಹುದು. ಕಾನೂನು ನೆರವಿನ ಸಹಾಯವಾಣಿ 15100 ಎಂಬುದನ್ನು ಪ್ರತಿ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಬಹುದು. ನೆರವು ಪಡೆಯಲು ಕಲಿತವರೇ ಮುಂದೆ ನೆರವು ನೀಡುವ ಹುದ್ದೆಗೂ ಆಸೆಪಡುತ್ತಾರೆ.

ವ್ಯವಸ್ಥೆಯನ್ನು ಹೊರಗೆ ನಿಂತು ಟೀಕಿಸುವುದು ಪ್ರಜಾಪ್ರಭುತ್ವ ನಮಗಿತ್ತ ಹಕ್ಕು. ಒಳಗೆ ಹೋಗಿ ಅದನ್ನು ಪ್ರಾಮಾಣಿಕವಾಗಿ ನಡೆಸುವುದು ಅದೇ ಪ್ರಜಾಪ್ರಭುತ್ವ ನಮ್ಮ ಮೇಲಿರಿಸಿದ ಹೊಣೆ. ಹಕ್ಕನ್ನು ನಾವು ಧಾರಾಳವಾಗಿ ಬಳಸುತ್ತಿದ್ದೇವೆ. ಹೊಣೆಯ ವಿಷಯದಲ್ಲಿ ಇಷ್ಟಾದರೂ ಆಗಲಿ: ಈ ವಾರ ಈ ಲೇಖನವನ್ನು ಓದಿದ ಪ್ರತಿಯೊಂದು ಮನೆಯವರೂ ಮಗನ, ಮಗಳ ಅಂಕಪಟ್ಟಿ, ಆಧಾರ್ ಮತ್ತು ಜಾತಿ ಪ್ರಮಾಣ ಪತ್ರಗಳನ್ನು ಪೆಟ್ಟಿಗೆಯಿಂದ ಹೊರತೆಗೆದು, ಅವುಗಳಲ್ಲಿ ಹೆಸರು ಒಂದೇ ಆಗಿದೆಯೇ ಎಂದು ನೋಡಲಿ. ಅರ್ಹತೆಯ ಮೊದಲ ಪರೀಕ್ಷೆ ಅಲ್ಲಿಂದಲೇ ಆರಂಭವಾಗುತ್ತದೆ.